ರೌಡಿಗಳ ಗೇಮಲ್ಲಿ ಕಣ್ಣೀರು ಯಾಕೆ ಬರುತ್ತೆ?

ಹೋದ ಸಂಚಿಕೆಯಲ್ಲಿ ಯಾರಿಗೋ ಉತ್ತರ ಬರೀತಾ "ಯಾಕುಜಾ 0 ಆಡಿ ಎರಡು ದಿನ ಮನಸ್ಸು ಭಾರ ಆಗಿತ್ತು" ಅಂತ ಒಂದು ಸಾಲು ಸೇರಿಸಿದ್ದೆ ಅಷ್ಟೇ, ಅದಕ್ಕೆ ಇಷ್ಟೊಂದು ಪತ್ರ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಹಾಗಾಗಿ ಈ ಸಲ ಪೂರ್ತಿ ಕಾಲಂ ಅದಕ್ಕೇ. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ, ಜಪಾನಿನ ಸೆಗಾ ಕಂಪನಿ 2005ರಿಂದ ತರ್ತಾ ಇರೋ ಗೇಮ್ ಸರಣಿ ಇದು, ಅಲ್ಲಿನ ಮಾಫಿಯಾ ಅಂದ್ರೆ ಯಾಕುಜಾ ಗ್ಯಾಂಗ್‌ಗಳ ಕಥೆ, ಜಪಾನಿ ಹೆಸರು "ರ್ಯು ಗಾ ಗೊತೊಕು", ಈಗ ಇಂಗ್ಲಿಷಲ್ಲೂ "ಲೈಕ್ ಎ ಡ್ರ್ಯಾಗನ್" ಅಂತಾನೇ ಕರೀತಾರೆ. ಮುಂದೆ ಓದೋ ಮುಂಚೆ ಒಂದು ಮಾತು, ಕಥೆಯ ಗುಟ್ಟುಗಳನ್ನ ಬಿಚ್ಚಿಟ್ಟೇ ಬರೆದಿದೀನಿ, ಬೇರೆ ದಾರಿ ಇರ್ಲಿಲ್ಲ.

ಪ್ರಶ್ನೆ: ಅಕ್ಕಾ, ಗ್ಯಾಂಗ್ ವಾರ್ ಗೇಮಲ್ಲಿ ಅಳೋದಕ್ಕೆ ಏನಿದೆ? ನಾನೂ ಸ್ವಲ್ಪ ನೋಡ್ದೆ, ಸೈಕಲ್ ಎತ್ತಿ ತಲೆ ಮೇಲೆ ಹೊಡೀತಾರೆ ಅಷ್ಟೆ. ನೀವು ಅತ್ತಿದ್ದು ಯಾವ ಸೀನಿಗೆ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಸೈಕಲ್ ಎತ್ತಿ ಹೊಡಿಯೋದು ನಿಜಾನೇ ಕಣೋ, ಅದು ಇದೆ, ಬೇಕಾದಷ್ಟಿದೆ. ಆದ್ರೆ ನಾನು ಹೇಳ್ತಿರೋದು ಒಂದು ಕಾರಿನ ಸೀನು.

1988ರ ಡಿಸೆಂಬರ್, ಟೋಕಿಯೋದ ಕಮುರೊಚೊ ಅನ್ನೋ ಏರಿಯಾ, ಜಪಾನಲ್ಲಿ ದುಡ್ಡು ಹೊಳೆ ಹರಿದಂಗೆ ಹರೀತಿದ್ದ ಕಾಲ, ಒಂದು ಸಣ್ಣ ಖಾಲಿ ಜಾಗಕ್ಕೋಸ್ಕರ ಇಡೀ ಗ್ಯಾಂಗು ಒಬ್ಬರ ಮೇಲೊಬ್ರು ಬಿದ್ದಿರ್ತಾರೆ. ಆ ಜಾಗದಲ್ಲಿ ಒಂದು ಕೊಲೆ ಆಗುತ್ತೆ, ಅದು 20 ವರ್ಷದ ಹುಡುಗ ಕಿರ್ಯು ತಲೆಗೆ ಬರುತ್ತೆ, ದೊಡ್ಡೋರೆಲ್ಲ ಅವನ್ನ ಮುಗಿಸೋಕೆ ಹುಡುಕ್ತಿರ್ತಾರೆ. ಅವನ ಜೀವದ ಗೆಳೆಯ ನಿಶಿಕಿ. ಇಬ್ರೂ ಒಂದೇ ಅನಾಥಾಶ್ರಮದಲ್ಲಿ ಬೆಳೆದವರು, ಒಬ್ಬರನ್ನೊಬ್ರು "ಕ್ಯೋದಾಯ್" ಅಂತ ಕರ್ಕೋತಾರೆ, ಅಂದ್ರೆ ಒಡಹುಟ್ಟಿದವನು. ಒಂದು ರಾತ್ರಿ ನಿಶಿಕಿ ಕಾರ್ ತಗೊಂಡು ಬಂದು ಕಿರ್ಯುನ ಹತ್ತಿಸ್ಕೋತಾನೆ, ಊರು ದಾಟುತ್ತೆ, ಲೈಟುಗಳು ಕಮ್ಮಿ ಆಗ್ತಾ ಹೋಗುತ್ತೆ, ಬೆಟ್ಟದ ದಾರಿ ಬರುತ್ತೆ. ಮಾತು ಬರ್ತಾ ಬರ್ತಾ ನಿಂತೋಗುತ್ತೆ. ಆಗ ನಮಗೆ ಅರ್ಥ ಆಗುತ್ತೆ ಇವನು ಇವನ್ನ ಕೊಲ್ಲೋಕೆ ಕರ್ಕೊಂಡ್ ಬಂದಿದಾನೆ ಅಂತ. ಯಾಕಂದ್ರೆ ಬೇರೆಯವ್ರ ಕೈಗೆ ಸಿಕ್ರೆ ಹಿಂಸೆ ಕೊಟ್ಟು ಸಾಯಿಸ್ತಾರೆ, ಅದಕ್ಕಿಂತ ನನ್ನ ಕೈಯಲ್ಲೇ ಹೋಗ್ಲಿ ಅನ್ನೋ ಲೆಕ್ಕ ಅವನದು. ಕಿರ್ಯುಗೂ ಗೊತ್ತಾಗಿರುತ್ತೆ, ಅವನು ಓಡಲ್ಲ, ಬೇಡ ಅಂತಾನೂ ಅನ್ನಲ್ಲ, ನೀನಾದ್ರೆ ಪರ್ವಾಗಿಲ್ಲ ಅನ್ನೋ ಥರ ಸುಮ್ನೆ ನಿಂತಿರ್ತಾನೆ. ನಿಶಿಕಿ ಕೈಯಲ್ಲಿ ಪಿಸ್ತೂಲು ನಡುಗುತ್ತೆ, ಆಗಲ್ಲ, ಅವನ ಕೈಲಿ ಆಗೋದೇ ಇಲ್ಲ. ಅಳ್ತಾ ಓಡೋಗು ಅಂತಾನೆ.

ಈ ಸೀನಲ್ಲಿ ಆಡೋಕೆ ಏನೂ ಇಲ್ಲ, ಕಂಟ್ರೋಲರ್ ಕೈಯಲ್ಲಿ ಸುಮ್ನೆ ಇರುತ್ತೆ. ಆದ್ರೆ ಅದಕ್ಕೂ ಮುಂಚೆ ಎಷ್ಟೋ ಗಂಟೆ ನೀನು ಆ ಇಬ್ರ ಜೊತೆ ಬಾರಲ್ಲಿ ಕೂತಿರ್ತೀಯ, ಕ್ಯಾರಿಯೋಕೆ ಹಾಡಿರ್ತೀಯ, ಬೀದಿ ಸುತ್ತಿರ್ತೀಯ. ಅದಕ್ಕೇ ಅದು ಎದೆಗೆ ಬಡಿಯೋದು. ಮುಂದಿನ ಕಥೆ ಗೊತ್ತಿರೋರಿಗೆ ಇನ್ನೂ ಕಷ್ಟ, ಏಳು ವರ್ಷ ಬಿಟ್ಟು ನಿಶಿಕಿ ಮಾಡಿದ ಕೊಲೆಯನ್ನ ಕಿರ್ಯು ತನ್ನ ಮೇಲೆ ಹಾಕ್ಕೊಂಡು ಹತ್ತು ವರ್ಷ ಜೈಲಿಗೆ ಹೋಗ್ತಾನೆ, ಅವನು ಹೊರಗೆ ಬರೋಷ್ಟರಲ್ಲಿ ನಿಶಿಕಿ ಬೇರೆ ಮನುಷ್ಯನೇ ಆಗಿರ್ತಾನೆ. ಆ ಕಾರಿನಲ್ಲಿ ಅಳ್ತಿದ್ದ ಹುಡುಗಾನೇ ಇವನು ಅಂತ ನೆನಪಾದಾಗ ಸಿಟ್ಟು ಮಾಡ್ಕೊಳ್ಳೋಕೂ ಆಗಲ್ಲ.

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಮಗನಿಗೆ 15 ವರ್ಷ. ರಾತ್ರಿ ನೀರು ಕುಡಿಯೋಕೆ ಎದ್ದಾಗ ನೋಡ್ದೆ, ಕಂಪ್ಯೂಟರ್ ಮುಂದೆ ಕೂತು ಕಣ್ಣು ಒರೆಸ್ಕೋತಿದ್ದ. ಕೇಳಿದ್ರೆ ಯಾಕುಜಾ ಗೇಮ್ ಅಂದ. ರೌಡಿಗಳ ಆಟ ಆಡಿ ಯಾರಾದ್ರೂ ಅಳ್ತಾರಾ? ಏನೋ ಮುಚ್ಚಿಡ್ತಿದಾನೆ ಅಂತ ಭಯ.
— ಒಬ್ಬ ತಾಯಿ, ತುಮಕೂರು

ಅಮ್ಮಾ, ಎರಡು ಮಾತು ಹೇಳ್ತೀನಿ, ಎರಡನ್ನೂ ಒಟ್ಟಿಗೇ ತಗೊಳ್ಳಿ.

ಮೊದಲನೇದು, ಇದು 15 ವರ್ಷದ ಹುಡುಗನ ಆಟ ಅಲ್ಲ. ಯುರೋಪಲ್ಲಿ 18 ಅಂತಾನೂ ಅಮೆರಿಕದಲ್ಲಿ 17 ದಾಟಿದವರಿಗೆ ಅಂತಾನೂ ಮುದ್ರೆ ಹಾಕಿದಾರೆ. ರಕ್ತ ಇದೆ, ಕುಡಿತ ಇದೆ, ನೈಟ್ ಕ್ಲಬ್ ವ್ಯವಹಾರ ಇದೆ. ಗೇಮ್ ನನಗೆ ಪ್ರಾಣ ಅಂತ ಇದನ್ನ ನಿಮ್ಮಿಂದ ಮುಚ್ಚಿಡಲ್ಲ. ಎರಡು ಮೂರು ವರ್ಷ ಕಾಯಿ ಅಂತ ಅವನಿಗೆ ಹೇಳೋ ಹಕ್ಕು ನಿಮಗಿದೆ.

ಎರಡನೇದು, ಅವನು ಅತ್ತಿದ್ದಕ್ಕೆ ದಯವಿಟ್ಟು ಹೆದರಬೇಡಿ, ಬೈಯಲೂ ಬೇಡಿ. ಹೌದಮ್ಮ, ಅಳ್ತಾರೆ, ನಲವತ್ತು ದಾಟಿದ ಗಂಡಸರು ಈ ಗೇಮಿಗೆ ಅತ್ತಿದೀವಿ ಅಂತ ನನಗೆ ಬರೆದಿದಾರೆ. ಅವನ ಹತ್ರ ಕೂತು "ಯಾವ ಸೀನು, ತೋರ್ಸು" ಅಂತ ಕೇಳಿ. ಅದು ಮಕೊಟೊ ಅನ್ನೋ ಹುಡುಗಿಯ ಸೀನಾಗಿದ್ರೆ ನಿಮಗೂ ಅರ್ಥ ಆಗ್ಲಿ ಅಂತ ಬರೀತೀನಿ.

ಮಕೊಟೊ ಕಣ್ಣು ಕಾಣದ ಹುಡುಗಿ, ಒಸಾಕಾದಲ್ಲಿ ಮಸಾಜ್ ಮಾಡಿ ಬದುಕ್ತಿರ್ತಾಳೆ. ಅವಳನ್ನ ಸಾಯಿಸು ಅಂತ ಮಜಿಮಾ ಅನ್ನೋನಿಗೆ ಮೇಲಿಂದ ಆರ್ಡರ್ ಬರುತ್ತೆ, ಅವನಿಗೂ ಒಂದೇ ಕಣ್ಣು, ಇನ್ನೊಂದನ್ನ ಸ್ವಂತ ಗ್ಯಾಂಗಿನವರೇ ತೆಗೆದಿರ್ತಾರೆ. ಕೊಂದ್ರೆ ಅವನಿಗೆ ಗ್ಯಾಂಗಲ್ಲಿ ಮತ್ತೆ ಜಾಗ, ಬಿಟ್ರೆ ಅವನ ತಲೆ ಹೋಗುತ್ತೆ. ಅವನು ಬಿಡ್ತಾನೆ, ಬಿಡೋದಷ್ಟೇ ಅಲ್ಲ, ಅವಳನ್ನ ಕಾಪಾಡೋಕೆ ಇಡೀ ಲೋಕಾನೇ ಎದುರು ಹಾಕ್ಕೋತಾನೆ. ಕೊನೇಲಿ ಅವಳಿಗೆ ಕಣ್ಣು ಬಂದಿರುತ್ತೆ, ಚೆನ್ನಾಗಿರ್ತಾಳೆ, ಜೊತೆಗೆ ಒಬ್ಬ ಒಳ್ಳೆ ಡಾಕ್ಟ್ರು ಇರ್ತಾನೆ. ಮಜಿಮಾ ಬೀದೀಲಿ ಎದುರು ಸಿಗ್ತಾನೆ. ಅವಳು ಅವನ ಮುಖ ಒಂದು ಸಲಾನೂ ನೋಡಿಲ್ಲವಲ್ಲ, ಯಾರೋ ದಾರಿಹೋಕ ಅಂತ ನೋಡ್ತಾಳೆ. ನಾನೇ ಅದು ಅಂತ ಒಂದು ಮಾತು ಸಾಕು. ಅವನು ಹೇಳಲ್ಲ. ಆ ಡಾಕ್ಟ್ರ ಜೊತೆ ಸ್ವಲ್ಪ ಜೋರಾಗಿ ಮಾತಾಡಿ, ಇವನು ಇವಳನ್ನ ನೋಡ್ಕೋತಾನೆ ಅಂತ ಗ್ಯಾರಂಟಿ ಮಾಡ್ಕೊಂಡು, ಬೆನ್ನು ಹಾಕಿ ಹೋಗ್ಬಿಡ್ತಾನೆ. ತನ್ನ ನೆರಳು ಬಿದ್ರೆ ಅವಳ ಬದುಕಿಗೆ ಮತ್ತೆ ಅಪಾಯ ಅಂತ ಅವನಿಗೆ ಗೊತ್ತು.

ಈ ಸೀನು ಬಂದಾಗ ನಮ್ಮಮ್ಮ ರೂಮಿಗೆ ಕಾಫಿ ತಂದಿದ್ರು. ಅಮ್ಮಂಗೆ ಜಪಾನಿ ಬರಲ್ಲ, ಕೆಳಗೆ ಓಡ್ತಿದ್ದ ಇಂಗ್ಲಿಷೂ ಅಷ್ಟಕ್ಕಷ್ಟೇ. ಲೋಟ ಕೈಯಲ್ಲೇ ಹಿಡ್ಕೊಂಡು ಬಾಗಿಲಲ್ಲೇ ನಿಂತು ಪೂರ್ತಿ ನೋಡಿದ್ರು, ನೋಡಿ "ಅಯ್ಯೋ, ಹೇಳ್ಬಾರ್ದಿತ್ತಾ ಅವಳಿಗೆ" ಅಂದ್ರು. ಕಾಫಿ ಮೇಲೆ ಕೆನೆ ಕಟ್ಟಿತ್ತು. ಅದಾದ್ಮೇಲೆ ತುಂಬ ದಿನ "ಆ ಒಕ್ಕಣ್ಣಿನ ಹುಡುಗ ಏನಾದ" ಅಂತ ಕೇಳ್ತಿದ್ರು. ಇದೇ ಸರಣೀಲಿ 2017ರಲ್ಲಿ ಬಂದ ಕಿವಾಮಿ 2 ಅನ್ನೋ ಗೇಮಲ್ಲಿ ಅದಕ್ಕೆ ಉತ್ತರ ಇದೆ. ವರ್ಷಗಳಾದ್ಮೇಲೆ ಮಜಿಮಾ ಅವಳ ಹತ್ರಾನೇ ಮಸಾಜ್‌ಗೆ ಹೋಗಿ ಮಲಗ್ತಾನೆ, ಅಷ್ಟೊತ್ತಿಗೆ ಅವಳಿಗೆ ಗಂಡ, ಸಂಸಾರ ಎಲ್ಲ ಆಗಿರುತ್ತೆ, ಇವನು ಆಗಲೂ ಹೆಸರು ಹೇಳಲ್ಲ.

ನಿಮ್ಮ ಮಗ ಇಂಥದ್ದಕ್ಕೆ ಅತ್ತಿದಾನೆ ಅಂದ್ರೆ ಮುಚ್ಚಿಡೋಕೆ ಏನೂ ಇಲ್ಲಮ್ಮ. ಕೇಳಿ ನೋಡಿ, ಹೇಳ್ತಾನೆ.

ಪ್ರಶ್ನೆ: ನಿಜವಾದ ಯಾಕುಜಾಗಳು ಇಷ್ಟು ಒಳ್ಳೆಯವರಾ? ಅಥವಾ ಇದು ರೌಡಿಗಳನ್ನ ಹೀರೋ ಮಾಡೋ ಕೆಲಸಾನಾ?
— ನಿವೃತ್ತ ಶಿಕ್ಷಕರು, ಧಾರವಾಡ

ಸರ್, ಇಲ್ಲ. ನಿಜವಾದವರು ಸುಲಿಗೆ, ಬಡ್ಡಿ ವ್ಯವಹಾರ, ಡ್ರಗ್ಸ್ ಮಾಡೋರೇ. ಜಪಾನ್ ಸರ್ಕಾರ 1992ರಲ್ಲೇ ಅವರ ಮೇಲೆ ಕಾನೂನು ಜಾರಿಗೆ ತಂತು, 2011ರ ಹೊತ್ತಿಗೆ ಎಲ್ಲಾ ಪ್ರಾಂತ್ಯದಲ್ಲೂ ಇನ್ನೂ ಬಿಗಿ ನಿಯಮ ಬಂತು, ಈಗ ಅವರಿಗೆ ಬ್ಯಾಂಕ್ ಖಾತೆ ತೆರೆಯೋದೇ ಕಷ್ಟ, ಮನೆ ಬಾಡಿಗೆಗೆ ಸಿಗೋದೂ ಕಷ್ಟ.

ಗೇಮು ಇದನ್ನ ಪೂರ್ತಿ ಮರೆಮಾಚಲ್ಲ ಅನ್ನೋದು ನನ್ನ ಅಭಿಪ್ರಾಯ. ಒಂದು ಉದಾಹರಣೆ ಕೊಡ್ತೀನಿ. ಕಿರ್ಯು ನಿಶಿಕಿ ಬೆಳೆದ ಆಶ್ರಮದ ಹೆಸರು ಹಿಮಾವರಿ, ಅಂದ್ರೆ ಸೂರ್ಯಕಾಂತಿ. ಅದನ್ನ ನಡೆಸ್ತಿದ್ದೋನು ಕಜಾಮಾ ಅನ್ನೋ ಗ್ಯಾಂಗ್ ನಾಯಕ, ಮಕ್ಕಳಿಗೆಲ್ಲ ತಂದೆ ಇದ್ದಂಗೆ. ಆದ್ರೆ ಆ ಮಕ್ಕಳನ್ನ ಅನಾಥ ಮಾಡಿದ್ದೂ ಅವನೇ, ಅವರ ಅಪ್ಪ ಅಮ್ಮಂದಿರನ್ನ ಕೊಂದ ಕೈ ಅದು. ಅನ್ನ ಹಾಕಿದ ಕೈನೂ ಅದೇ. ಕಿರ್ಯುಗೆ ಇದು ಗೊತ್ತಾದಾಗ ಗೇಮು ಅವನಿಗೂ ನಮಗೂ ಸುಲಭದ ಉತ್ತರ ಕೊಡಲ್ಲ. ಅದು ನನಗೆ ಇಷ್ಟ ಆಯ್ತು. 2020ರ ಕಂತಲ್ಲಂತೂ ಎರಡು ದೊಡ್ಡ ಗ್ಯಾಂಗುಗಳನ್ನೇ ವಿಸರ್ಜನೆ ಮಾಡಿಸಿಬಿಡ್ತಾರೆ.

ಪ್ರಶ್ನೆ: ಹರುಕಾ ಅನ್ನೋ ಹುಡುಗಿ ಬಗ್ಗೆ ಬರೀರಿ ಅಕ್ಕಾ. ಅವಳು ಕಿರ್ಯು ಮಗಳಾ?
— ಬಿಕಾಂ ಓದ್ತಿರೋಳು, ಶಿವಮೊಗ್ಗ

ಮಗಳಲ್ಲ, ಆದ್ರೂ ಮಗಳೇ ಕಣೆ. 2005ರ ಮೊದಲ ಗೇಮಲ್ಲಿ ಕಿರ್ಯು ಜೈಲಿಂದ ಹೊರಗೆ ಬರ್ತಾನೆ, ಆಗ ಅವನಿಗೆ 37. ಅವಳಿಗೆ 9 ವರ್ಷ, ಅಮ್ಮನ್ನ ಹುಡುಕ್ಕೊಂಡು ಒಬ್ಬಳೇ ಕಮುರೊಚೊಗೆ ಬಂದಿರ್ತಾಳೆ. ಅವಳು ಅವನ್ನ ಕರೆಯೋದು "ಓಜಿಸಾನ್" ಅಂತ, ನಾವು ದಾರೀಲಿ ಸಿಗೋರಿಗೆಲ್ಲ ಅಂಕಲ್ ಅಂತೀವಲ್ಲ ಹಾಗೆ. ಆಮೇಲೆ ಎಷ್ಟು ವರ್ಷ ಆದ್ರೂ ಅದೇ ಕರೆ, ಆದ್ರೆ ಅದೇ ಮಾತು ಬರ್ತಾ ಬರ್ತಾ ಅಪ್ಪಾ ಅಂದಂಗೆ ಕೇಳಿಸೋಕೆ ಶುರುವಾಗುತ್ತೆ, ನನಗೆ ಹಾಗನ್ಸುತ್ತೆ.

ನಾಯಿಮರಿ ಪ್ರಸಂಗ ಒಂದಿದೆ. ಪೋಲಿ ಹುಡುಗರು ಒಂದು ಮರಿಗೆ ಹಿಂಸೆ ಕೊಡ್ತಿರ್ತಾರೆ, ಹರುಕಾ ಕಾಲು ಕೀಳೋದೇ ಇಲ್ಲ. ಊರಿನ ಅರ್ಧ ಜನ ಇವರಿಬ್ಬರನ್ನ ಹುಡುಕ್ತಿದಾರೆ, ಇವಳಿಗೆ ಮರಿ ಊಟ ಮಾಡಿತಾ ಅನ್ನೋದೇ ಚಿಂತೆ. ಅಷ್ಟು ದೊಡ್ಡ ದೇಹದ ಮನುಷ್ಯ, ಬೆನ್ನ ತುಂಬ ಡ್ರ್ಯಾಗನ್ ಹಚ್ಚೆ, ಅವನು ನಾಯಿ ತಿಂಡಿ ತರೋಕೆ ಅಂಗಡಿಗೆ ಹೋಗ್ತಾನೆ, ಹೋಗೋದು ಅಂದ್ರೆ ನಾವೇ ಅವನನ್ನ ನಡೆಸ್ಕೊಂಡು ಹೋಗ್ಬೇಕು. ಸಿನಿಮಾದಲ್ಲಾದ್ರೆ ಇದು ಅರ್ಧ ನಿಮಿಷದ ಶಾಟ್, ಇಲ್ಲಿ ಆ ಬೀದಿ ನಡೆದವರು ನಾವೇ.

2009ರ ಮೂರನೇ ಗೇಮಲ್ಲಿ ಇವರು ಒಕಿನಾವಾ ಸಮುದ್ರದ ಪಕ್ಕ ಅಸಗಾವೊ ಅನ್ನೋ ಮಕ್ಕಳ ಆಶ್ರಮ ನಡೆಸ್ತಿರ್ತಾರೆ, ಹರುಕಾ ಸೇರಿ ಒಂಬತ್ತು ಮಕ್ಕಳು. ತುಂಬ ಜನ ಆ ಭಾಗ ನಿಧಾನ, ಬೋರು ಅಂತ ಬೈದಿದಾರೆ, ನಾನು ಒಪ್ಪಲ್ಲ. ರಿಯೊನಾ ಅನ್ನೋ ಹುಡುಗಿಗೆ ಸುಟ್ಟ ಗಾಯದ ಕಲೆ, ಅದಕ್ಕೆ ಅವಳಿಗೆ ಸಂಕೋಚ, ಮಿತ್ಸುವೊ ಅನ್ನೋ ಹುಡುಗನಿಗೆ ಅವಳಂದ್ರೆ ಇಷ್ಟ. ಇಂಥಾ ಪುಟ್ಟ ಪುಟ್ಟ ವಿಷಯಕ್ಕೆ ಕಿರ್ಯು ತಲೆ ಕೆಡಿಸ್ಕೊಂಡು ಕೂರ್ತಾನೆ, ಗ್ಯಾಂಗ್ ವಾರ್‌ಗೆ ಕೊಟ್ಟಷ್ಟೇ ಗಂಭೀರವಾಗಿ. ಮಗು ತಂದ ಸಮಸ್ಯೆ ಚಿಕ್ಕದು ಅಂತ ಅವನಿಗೆ ಅನ್ಸೋದೇ ಇಲ್ಲ.

ಪ್ರಶ್ನೆ: ಕೋಳಿ ಮ್ಯಾನೇಜರ್ ನಿಜಾನಾ?
— ಮಂಡ್ಯ

ನಿಜ. ಯಾಕುಜಾ 0ರಲ್ಲಿ ಬೌಲಿಂಗಲ್ಲಿ ಸತತ ಮೂರು ಸ್ಟ್ರೈಕ್ ಹೊಡೆದ್ರೆ ಬಹುಮಾನ ಒಂದು ಕೋಳಿ. ಹೆಸರು ನಗೆಟ್. ಅದು ಕಿರ್ಯುವಿನ ರಿಯಲ್ ಎಸ್ಟೇಟ್ ಕಂಪನಿಯಲ್ಲಿ ಕೆಲಸಕ್ಕೆ ಸೇರುತ್ತೆ. ಅವನು ಅದನ್ನ ಕೊಯ್ಯಲಿಲ್ಲ ಅನ್ನೋದೇ ನನಗೆ ಖುಷಿ.

ಪ್ರಶ್ನೆ: ಮೇಡಂ, ನನಗೆ 43. ಬೆಂಗಳೂರಲ್ಲಿ ಹದಿನಾರು ವರ್ಷ ಒಂದೇ ಕಂಪನೀಲಿದ್ದೆ, ಒಂದು ಶುಕ್ರವಾರ ಹದಿನೈದು ನಿಮಿಷದ ಕಾಲ್‌ನಲ್ಲಿ ಮುಗೀತು. ಮನೇಲಿ ಕೂತು ಲೈಕ್ ಎ ಡ್ರ್ಯಾಗನ್ ಆಡ್ದೆ. ಇಚಿಬಾನ್ ಪಾತ್ರ ನೋಡಿ ಎಷ್ಟೋ ಧೈರ್ಯ ಬಂತು. ಹೆಂಡ್ತಿಗೆ ಹೇಳೋಕೆ ನಾಚಿಕೆ, ಈ ವಯಸ್ಸಲ್ಲಿ ಗೇಮಿಂದ ಧೈರ್ಯ ತಗೋಳ್ಳೋದು ತಪ್ಪಾ?
— ಹೆಸರು ಬೇಡ

ಸರ್, ನಿಮ್ಮ ಪತ್ರಾನ ಮೂರು ಸಲ ಓದ್ದೆ. ತಪ್ಪೇ ಇಲ್ಲ.

ಓದುಗರಿಗೋಸ್ಕರ 2020ರ ಆ ಕಂತಿನ ಕಥೆ ಹೇಳ್ತೀನಿ. ಕಸುಗಾ ಇಚಿಬಾನ್, ಹುಟ್ಟಿದ್ದು 1977ರ ಜನವರಿ 1. ತನ್ನ ನಾಯಕ ಅರಾಕಾವಾ ಕೇಳ್ಕೊಂಡ ಅಂತ ಮಾಡದ ಕೊಲೆ ಒಪ್ಕೊಂಡು 2001ರಲ್ಲಿ ಜೈಲಿಗೆ ಹೋಗ್ತಾನೆ, 18 ವರ್ಷ. 2019ರಲ್ಲಿ ಬಿಡುಗಡೆ, ಗೇಟ್ ಹತ್ರ ನಾಯಕ ಕಾಯ್ತಿರ್ತಾನೆ ಅಂತ ನಂಬ್ಕೊಂಡು ಬರ್ತಾನೆ, ಯಾರೂ ಇರಲ್ಲ. ಯಾರೂ ಅಂದ್ರೆ ಕೆಲಸದಲ್ಲಿ ಮೂಲೆಗುಂಪಾದ ಅದಾಚಿ ಅನ್ನೋ ಒಬ್ಬ ವಯಸ್ಸಾದ ಪೊಲೀಸು ಬಿಟ್ಟು. ಆಮೇಲೆ ಯಾರಿಗೋಸ್ಕರ ಅಷ್ಟು ವರ್ಷ ಕಳೆದಿದ್ನೋ ಆ ನಾಯಕನೇ ಎದೆಗೆ ಗುಂಡು ಹೊಡೀತಾನೆ. ಎಚ್ಚರ ಆದಾಗ ಯೊಕೊಹಾಮಾದಲ್ಲಿ ಮನೆ ಇಲ್ಲದವರ ಗುಡಾರಗಳ ಮಧ್ಯ ಬಿದ್ದಿರ್ತಾನೆ. ಗುಂಡು ತೆಗೆದು ಬದುಕಿಸಿದ್ದು ನಾನ್ಬಾ, ಒಂದು ಕಾಲದಲ್ಲಿ ನರ್ಸ್ ಆಗಿದ್ದು ಈಗ ಬೀದಿಗೆ ಬಿದ್ದೋನು.

ಅಲ್ಲಿ ಒಂದು ಸಣ್ಣ ವಿಷಯ, ನೀವೂ ಆಡಿದೀರಿ ಅಂದ್ರೆ ನೆನಪಿರುತ್ತೆ. ಜ್ಯೂಸ್ ವೆಂಡಿಂಗ್ ಮೆಷಿನ್ ಕೆಳಗೆ ಬಗ್ಗಿ ಯಾರಾದ್ರೂ ಬೀಳಿಸಿದ ಚಿಲ್ಲರೆ ಇದೆಯಾ ಅಂತ ಹುಡುಕೋದು. 42 ವರ್ಷದ ಮನುಷ್ಯ, ಗುಂಗುರು ಕೂದಲು ಹರಡ್ಕೊಂಡು, ನೆಲಕ್ಕೆ ಕೆನ್ನೆ ಒತ್ತಿ. ಆಮೇಲೆ ಸೈಕಲಲ್ಲಿ ಖಾಲಿ ಡಬ್ಬ ಆಯೋದು, ತೂಕಕ್ಕೆ ಹಾಕೋದು. ಗೇಮು ಅವನನ್ನ ಅಲ್ಲಿ ನೋಡಿ ನಗಲ್ಲ. ಅವನಿಗೆ ನಾಚಿಕೆ ಆಗಲ್ಲ ಅಂತಲ್ಲ, ಆದ್ರೂ ಸಿಕ್ಕಿದ್ದನ್ನ ಕೈಯಲ್ಲಿ ಹಿಡಿದು ಖುಷಿ ಪಡ್ತಾನೆ. ಆಮೇಲೆ ಹಲೋ ವರ್ಕ್‌ಗೆ ಹೋಗ್ತಾನೆ, ಅದು ಜಪಾನಲ್ಲಿ ನಿಜವಾಗ್ಲೂ ಇರೋ ಸರ್ಕಾರಿ ಉದ್ಯೋಗ ಕಚೇರಿ, ಗೇಮಲ್ಲಿ ಪಾತ್ರಗಳು ತಮ್ಮ ವೃತ್ತಿ ಬದಲಾಯಿಸೋದು ಅಲ್ಲೇ. ಬೇರೆ ಗೇಮುಗಳಲ್ಲಿ ಇದನ್ನ ದೇವಸ್ಥಾನದಲ್ಲೋ ಮಾಂತ್ರಿಕನ ಹತ್ರಾನೋ ಮಾಡ್ತಾರೆ, ಇಲ್ಲಿ ಕೌಂಟರ್ ಮುಂದೆ ಹೋಗಿ ನಿಲ್ಬೇಕು. ಈ ಗೇಮು ಮಾಡಿದೋರಿಗೆ ಕೆಲಸ ಕಳ್ಕೊಂಡೋರ ಬಗ್ಗೆ ಗೌರವ ಇದೆ ಅಂತ ನನಗೆ ಅನ್ಸಿದ್ದು ಅಲ್ಲೇ.

ಅವನ ಜೊತೆ ಸೇರೋರೆಲ್ಲ ಹಾಗೇ, ಒಂದಲ್ಲ ಒಂದು ಕಡೆಯಿಂದ ಹೊರಗೆ ಹಾಕಿಸ್ಕೊಂಡೋರು. ಸಂಜೆ ಸರ್ವೈವ್ ಅನ್ನೋ ಚಿಕ್ಕ ಬಾರಲ್ಲಿ ಕೂತು ಒಬ್ಬೊಬ್ರೇ ತಮ್ಮ ಕಥೆ ಬಿಚ್ತಾರೆ. ಇಚಿಬಾನ್ ಬುದ್ಧಿ ಹೇಳೋಕೆ ಅಷ್ಟಾಗಿ ಹೋಗಲ್ಲ, ಕೇಳಿಸ್ಕೋತಾನೆ, ಕೆಲವು ಸಲ ಅವರಿಗಿಂತ ಮುಂಚೆ ಇವನೇ ಅಳ್ತಾನೆ.

ಕೊನೇಲಿ ಅವನಿಗೆ ಅಷ್ಟು ಅನ್ಯಾಯ ಮಾಡಿದ ಅರಾಕಾವಾನ ಮಗ ಮಸಾತೊ ಎಲ್ಲ ಕಳ್ಕೊಂಡು ನಿಂತಾಗ, ಇಚಿಬಾನ್ ಸಿಟ್ಟು ತೀರಿಸ್ಕೊಳ್ಳಲ್ಲ. ಕಾಯಿನ್ ಲಾಕರ್‌ಗಳ ಮುಂದೆ ನಿಂತು, ಮೂಗು ಸುರಿಸ್ಕೊಂಡು, ಮತ್ತೆ ಕೆಳಗಿಂದ ಶುರು ಮಾಡಿ ಅಂತ ಬೇಡ್ಕೋತಾನೆ. ಅವನು ಅಲ್ಲಿಂದಾನೇ ಶುರು ಮಾಡಿದೋನು, ಅದಕ್ಕೇ ಆ ಮಾತಿಗೆ ತೂಕ.

ಹೆಂಡ್ತಿಗೆ ಹೇಳಿ ಸರ್. ಗೇಮು ಅಂತ ಶುರು ಮಾಡ್ಬೇಡಿ, ವೆಂಡಿಂಗ್ ಮೆಷಿನ್ ಸೀನಿಂದ ಶುರು ಮಾಡಿ. ನಿಮ್ಮ ವಯಸ್ಸಿನ ಎಷ್ಟೋ ಜನ ಈ ಕಾಲಂ ಓದ್ತಾರೆ, ಕೆಲಸ ಹೋದ ಮೇಲೆ ಏನು ಮಾಡಿದ್ರಿ ಅಂತ ಅವರು ನನಗೆ ಬರೆದ್ರೆ ಹೆಸರಿಲ್ಲದೆ ನಿಮಗೆ ತಲುಪಿಸ್ತೀನಿ.

ಪ್ರಶ್ನೆ: ನಾನು ಒಸಾಕಾದಲ್ಲಿ ಕೆಲಸ ಮಾಡ್ತೀನಿ. ಗೇಮಲ್ಲಿರೋ ಊರು ಇಲ್ಲೇ ಅಂತಾರಲ್ಲ, ಹೌದಾ?
— ಮೂಲ ಉಡುಪಿ

ಹೌದು, ಗೇಮಲ್ಲಿರೋ ಒಸಾಕಾದ ಏರಿಯಾ ಸೊತೆನ್‌ಬೊರಿ ಅಂದ್ರೆ ನಿಮ್ಮ ದೊತೊನ್‌ಬೊರಿ. ಕಾಲುವೆ, ಸೇತುವೆ, ಬೋರ್ಡುಗಳ ಬೆಳಕು ನೀರಲ್ಲಿ ಬೀಳೋದು ಎಲ್ಲ ಅದೇ. ಕಮುರೊಚೊ ಅಂದ್ರೆ ಟೋಕಿಯೋ ಶಿಂಜುಕುವಿನ ಕಬುಕಿಚೊ, ಆ ಕೆಂಪು ಕಮಾನು ಸಮೇತ. ಪುಣ್ಯ ಮಾಡಿದೀರಿ ನೀವು. ಒಂದು ಸಂಜೆ ಆ ಸೇತುವೆ ಮೇಲೆ ನಿಂತು ಮಕೊಟೊನ ನೆನಪು ಮಾಡ್ಕೊಳ್ಳಿ, ನನ್ನ ಪರವಾಗಿ.

ಪ್ರಶ್ನೆ: ಇಡೀ ಸರಣೀಲಿ ನಿಮ್ಮನ್ನ ಅತಿ ಹೆಚ್ಚು ಅಳಿಸಿದ್ದು ಒಂದೇ ಒಂದು ಹೇಳಿ.
— ಬಳ್ಳಾರಿ

2023ರ ಗೈಡನ್, ಕೊನೇ ಸೀನು. ಅಸಗಾವೊ ಮಕ್ಕಳಿಗೆ ಅಪಾಯ ಬರಬಾರ್ದು ಅಂತ ಕಿರ್ಯು ಸತ್ತೋದ ಅಂತ ಲೋಕವನ್ನೆಲ್ಲ ನಂಬಿಸಿ, ಹೆಸರನ್ನೇ ಅಳಿಸ್ಕೊಂಡು ಬದುಕ್ತಿರ್ತಾನೆ. ಮಕ್ಕಳು ಅವನ ಸುಳ್ಳು ಸಮಾಧಿ ಮುಂದೆ ಬಂದು ನಿಂತು ಮಾತಾಡಿದ ವಿಡಿಯೋನ ಅವನಿಗೆ ತೋರಿಸ್ತಾರೆ. ಮಕ್ಕಳು ದೊಡ್ಡೋರಾಗಿರ್ತಾರೆ, ತಮ್ಮ ಸುದ್ದಿ ಹೇಳ್ತಾರೆ. ಅಷ್ಟು ಗೇಮಲ್ಲಿ ಕಲ್ಲಿನಂಗಿದ್ದ ಮುಖ ಅದು, ಮೊದಲು ತುಟಿ ಅದುರುತ್ತೆ, ಆಮೇಲೆ ತಡೆಯೋಕಾಗದೆ ಮಗು ಥರ ಬಿಕ್ಕಿಬಿಕ್ಕಿ ಅಳ್ತಾನೆ. ದನಿ ಕೊಟ್ಟಿರೋ ತಕಾಯಾ ಕುರೊದಾ ಅವರಿಗೆ ಕೈ ಮುಗೀಬೇಕು. ಇದರ ಬಗ್ಗೆ ಜಾಸ್ತಿ ಬರೆಯೋಕಾಗಲ್ಲ ನನಗೆ.

ಪ್ರಶ್ನೆ: ಆಯ್ತು ಅಕ್ಕಾ, ನಾನೂ ಆಡ್ತೀನಿ. ಎಲ್ಲಿಂದ ಶುರು ಮಾಡ್ಲಿ? ಲ್ಯಾಪ್‌ಟಾಪ್ ಹಳೇದು.
— ಚಿತ್ರದುರ್ಗ

ಯಾಕುಜಾ 0ಯಿಂದ. ಕಂಪ್ಯೂಟರ್‌ಗೆ 2018ರಲ್ಲಿ ಬಂದಿದ್ದು, ಈಗಿನ ಗೇಮುಗಳಷ್ಟು ಭಾರ ಇಲ್ಲ, ಸೆಟ್ಟಿಂಗ್ಸ್ ಕಮ್ಮಿ ಮಾಡಿ ನೋಡು. ಅದರಲ್ಲಿ ಮಾತೆಲ್ಲ ಜಪಾನಿ, ಕೆಳಗೆ ಇಂಗ್ಲಿಷ್ ಓದ್ಕೋಬೇಕು, ಮೊದಲ ಒಂದೆರಡು ಗಂಟೆ ಬರೀ ಮಾತೇ ಜಾಸ್ತಿ, ಬೇಜಾರಾಗಿ ಬಿಡ್ಬೇಡ.

ಇನ್ನೊಂದು, ಮುಖ್ಯ ಕಥೆ ಹಿಂದೆ ಓಡ್ಬೇಡ. ಬೀದೀಲಿ ಯಾರಾದ್ರೂ ಕರೆದ್ರೆ ನಿಲ್ಲು. ಅರಾಕುರೆ ಕ್ವೆಸ್ಟ್ ಅನ್ನೋ ಹೊಸ ವಿಡಿಯೋ ಗೇಮ್ ಕಳ್ಕೊಂಡು ನಿಂತಿರೋ ಒಬ್ಬ ಹುಡುಗ ಸಿಗ್ತಾನೆ, ಅವನನ್ನಂತೂ ದಾಟಿ ಹೋಗ್ಲೇಬೇಡ. 1988ರಲ್ಲಿ ಜಪಾನಲ್ಲಿ ಡ್ರ್ಯಾಗನ್ ಕ್ವೆಸ್ಟ್ 3 ಬಂದಾಗ ಮಕ್ಕಳ ಕೈಯಿಂದ ನಿಜವಾಗ್ಲೂ ಕಿತ್ಕೊಂಡಿದ್ರಂತೆ, ಅದರ ನೆರಳು ಅದು. ಕದ್ದೋನನ್ನ ಹಿಡಿದ್ರೆ ಅವನ ಹತ್ರಾನೂ ಇನ್ನೊಬ್ಬ ಕಿತ್ಕೊಂಡಿರ್ತಾನೆ, ಅವನಿಂದ ಮತ್ತೊಬ್ಬ, ಕೊನೇಲಿ ಅದು ಯಾರ ಕೈಯಲ್ಲಿ ಸಿಗುತ್ತೆ ಅನ್ನೋದನ್ನ ಮಾತ್ರ ನಾನು ಹೇಳಲ್ಲ, ಇಷ್ಟು ಗುಟ್ಟು ಬಿಚ್ಚಿಟ್ಟ ಮೇಲೆ ಇದೊಂದಾದ್ರೂ ನಿನಗೆ ಉಳೀಲಿ.

ಮತ್ತೆ ಆ ಕಾರಿನ ಸೀನು ಬರೋ ರಾತ್ರಿ, ಮಾರನೇ ದಿನ ಬೆಳಿಗ್ಗೆ ಬೇಗ ಏಳೋ ಕೆಲಸ ಇಲ್ಲದಂಗೆ ನೋಡ್ಕೋ.